ಮೂರು ರೂಮು, ಒಂದು ಬಾಡಿಗೆ: ಹಂಚುವುದು ಹೇಗೆ?

ಪುಣೆಯ ವಾಕಡ್, ಹಿಂಜವಡಿ ಕಡೆ ಕೆಲಸಕ್ಕೆ ಬರುವ ನಮ್ಮ ಹುಡುಗರು ಫ್ಲ್ಯಾಟ್ ಹಿಡಿದ ದಿನವೇ ಬಾಡಿಗೆಯನ್ನು ಸಮ ಪಾಲು ಮಾಡಿ, ರೂಮಿಗೆ ಚೀಟಿ ಎತ್ತಿಬಿಡುತ್ತಾರೆ. ಆಮೇಲೆ ಮುನಿಸು. ರೂಮನ್ನು ತುಂಡು ಮಾಡಿ ಹಂಚಲಾಗದು, ಹಂಚಲು ಬರುವುದು ದುಡ್ಡೊಂದೇ. ಚದರಡಿ ಲೆಕ್ಕ ಹಾಕುವ ಆ್ಯಪ್‌ಗಳೂ ಬೇಡ. ಯಾರಿಗೆ ಯಾವ ರೂಮು ಎಷ್ಟು ಬೇಕೆಂಬುದು ಅವಕ್ಕೆ ತಿಳಿಯದು.

ಮೊದಲು ಬಾಡಿಗೆಗೆ ಮೇಂಟೆನೆನ್ಸ್ ಕೂಡಿಸಿ. ಒಟ್ಟು 36,000 ರೂಪಾಯಿ ಎನ್ನೋಣ. ಪಾರ್ಕಿಂಗ್ ಇದ್ದರೆ ಈಗಲೇ ಒಂದು ರೂಮಿಗೆ ಸೇರಿಸಿಬಿಡಿ. ‘ಪಾರ್ಕಿಂಗ್ ಸಿಕ್ಕರೆ ಮಾತ್ರ ಈ ರೂಮು’ ಎನ್ನುವವರಿದ್ದು, ಎರಡಕ್ಕೂ ಬೇರೆ ಬೆಲೆ ಕಟ್ಟಿದರೆ, ಎಲ್ಲರಿಗೂ ಹೊಂದುವ ಬೆಲೆಯೇ ಇಲ್ಲದೆ ಹೋಗಬಹುದು.

ಆಮೇಲೆ ಪ್ರತಿಯೊಬ್ಬರೂ ಮೂರೂ ರೂಮಿಗೆ ತಮ್ಮ ಬೆಲೆ ಬರೆಯಲಿ. ಮೊತ್ತ 36,000 ಆಗಲೇಬೇಕು. ಚೀಟಿಗಳನ್ನು ಒಟ್ಟಿಗೇ ತೆರೆಯಿರಿ. ಒಬ್ಬರದ್ದು ಮೊದಲೇ ಕಂಡರೆ ಉಳಿದವರು ತಿದ್ದಿ ಬರೆಯುತ್ತಾರೆ.

ಮಂಜು: ಮಾಸ್ಟರ್ 18,000, ಬಾಲ್ಕನಿ 9,000, ಸಣ್ಣದು 9,000.
ಗಿರೀಶ: 19,000, 14,000, 3,000.
ಸಂತೋಷ: ಮೂರಕ್ಕೂ 12,000.

ಮೂವರಿಗೆ ಮೂರು ರೂಮು ಕೊಡಲು ಆರು ದಾರಿ. ಪ್ರತಿ ದಾರಿಯಲ್ಲೂ ಅವರವರು ತಮಗೆ ಬಂದ ರೂಮಿಗೆ ಬರೆದ ಬೆಲೆ ಕೂಡಿ ನೋಡಿ, ಹೆಚ್ಚು ಮೊತ್ತದ್ದನ್ನು ಹಿಡಿಯಿರಿ: ಮಂಜುಗೆ ಮಾಸ್ಟರ್, ಗಿರೀಶನಿಗೆ ಬಾಲ್ಕನಿ, ಸಂತೋಷನಿಗೆ ಸಣ್ಣದು, 44,000. ಮಾಸ್ಟರ್‌ಗೆ ಹೆಚ್ಚು ಬರೆದವನು ಗಿರೀಶ, ಅವನಿಗೇ ಕೊಡೋಣ ಎಂದರೆ ಮೊತ್ತ 40,000ಕ್ಕೆ ಇಳಿಯುತ್ತದೆ. ಕಡಿಮೆ ಮೊತ್ತದ ಹಂಚಿಕೆಗೆ ಏನೇ ಬೆಲೆ ಇಟ್ಟರೂ ಯಾರಿಗಾದರೂ ಹೊಟ್ಟೆಕಿಚ್ಚು ಉಳಿದೇ ಉಳಿಯುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಬಾಡಿಗೆಗಿಂತ 8,000 ಹೆಚ್ಚು ಬಂದಿದೆ. ಅದನ್ನು ಸಮವಾಗಿ ಕಳೆದು ಕೈತೊಳೆದುಕೊಳ್ಳುವವರೇ ಹೆಚ್ಚು: ಮಾಸ್ಟರ್ 15,333, ಬಾಲ್ಕನಿ 11,333, ಸಣ್ಣದು 9,333. ಈಗ ಗಿರೀಶನ ಲೆಕ್ಕ ನೋಡಿ. ಬಾಲ್ಕನಿಯಲ್ಲಿ ಅವನಿಗೆ ಉಳಿತಾಯ (ಬರೆದ ಬೆಲೆಯಲ್ಲಿ ಬಾಡಿಗೆ ಕಳೆದರೆ ಉಳಿಯುವುದು) 2,667, ಮಾಸ್ಟರ್ ಸಿಕ್ಕಿದ್ದರೆ 3,667. ಅವನ ಕಣ್ಣು ಮಾಸ್ಟರ್ ಮೇಲೇ. ಅವನ ಬರಹದಲ್ಲಿ ಆ ಎರಡು ರೂಮಿಗೆ 5,000 ಅಂತರವಿದೆ. ಬಾಡಿಗೆಯಲ್ಲೂ ಕನಿಷ್ಠ ಅಷ್ಟಿರಬೇಕು. ಮಾಸ್ಟರ್ 667 ಏರಿಸಿ, ಮಿಕ್ಕೆರಡನ್ನೂ 333ರಂತೆ ಇಳಿಸಿ: 16,000, 11,000, 9,000. ಗಿರೀಶನಿಗೆ ಈಗ ಎರಡರಲ್ಲೂ ಉಳಿತಾಯ 3,000. ಮಂಜುಗೆ ತನ್ನ ರೂಮಿನಲ್ಲಿ 2,000, ಬೇರೆಲ್ಲೂ ಅಷ್ಟಿಲ್ಲ. ಸಂತೋಷನಿಗೆ 3,000. ಒಂದು ಬೆಲೆ ಮುಟ್ಟಿದರೂ ಮೂವರನ್ನೂ ಮತ್ತೆ ತಾಳೆ ನೋಡಿ, ಇದನ್ನು ಬಿಡಬೇಡಿ.

ಯಾರ ಕಣ್ಣೂ ಇನ್ನೊಬ್ಬರ ರೂಮಿನ ಮೇಲೆ ಬೀಳದ ಇಂಥ ಬೆಲೆ ಇದ್ದೇ ಇರುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಶಾಪ್ಲಿ ಮತ್ತು ಶುಬಿಕ್ 1971ರಲ್ಲಿ ತೋರಿಸಿದರು. ಆದರೆ ತಲೆಗೊಂದೇ ರೂಮು, ಬರೆದಷ್ಟು ಕೊಡುವ ಶಕ್ತಿ, ಎರಡೂ ಇರಬೇಕು. ಜೇಬಿನಲ್ಲಿ 10,000 ಮಾತ್ರ ಇರುವವರು ಅದನ್ನು ಮೊದಲೇ ಹೇಳಲಿ.

ಡಿಪಾಸಿಟ್ಟನ್ನೂ 16:11:9ರಂತೆ ಹಾಕಿ. ಒಬ್ಬರು ಬಿಟ್ಟು ಹೊಸಬರು ಬಂದರೆ ಹಳೆಯ ಚೀಟಿ ಹರಿದು, ಮೊದಲಿಂದ ಬರೆಯಿರಿ.