ಮೊದ್ಲ ಜಾಹೀರಾತು ಓದ್ರಿ, ಲೇಖನ ಆಮ್ಯಾಲೆ

ಪತ್ರಿಕೆಗೆ ಬರದು ರೊಕ್ಕಾ ಮಾಡ್ತೀನಿ ಅಂದಾಗ ನಕ್ಕವ್ರ ಭಾಳ. ಬೆಳಗಾವಿಯ ಹಿರಿಯ ಬರಹಗಾರ್ರೊಬ್ರು, ಹೆಸರು ಬ್ಯಾಡ, "ತಮ್ಮಾ, ಗೌರವ ಪ್ರತಿ ಮನಿಗೆ ಬಂತಂದ್ರ ಅದ ಸಂಭಾವನೆ ಅಂತ ತಿಳ್ಕೊ" ಅಂದಿದ್ರು. ಕಳದ ವರ್ಷ ಬರೇ ಪತ್ರಿಕೆಯಿಂದ ಖಾತೆಗೆ ಬಿದ್ದಿದ್ದು ತೊಂಬತ್ತು ಸಾವಿರದ ಆಜೂಬಾಜು, ಪಾಸ್‌ಬುಕ್ ತಗದು ಹೇಳಾಕತ್ತಿಲ್ಲ, ನೆನಪಿನ ಮ್ಯಾಲೆ. ನೌಕರಿ ಬಿಡುವಷ್ಟೇನಲ್ಲ. ಆದ್ರ ಅದಕ್ಕಿಂತ ಮೊದಲಿನ ಮೂರ್ನಾಕು ವರ್ಷ ಎಲ್ಲಾ ಕೂಡಿಸಿದ್ರೂ ಹತ್ತು ಸಾವಿರ ದಾಟಿರ್ಲಿಲ್ಲ.

ಆಗೆಲ್ಲಾ ನಾನೂ ಎಲ್ಲಾರಂಗ ಸುಧಾ, ತರಂಗ, ಕರ್ಮವೀರ, ಕಸ್ತೂರಿ, ಮಯೂರ, ತುಷಾರ ಅಂತ ಕಳಸ್ಕೋತ ಕುಂದರ್ತಿದ್ದೆ. ಅವೇನು ಕೆಟ್ಟ ಅಂತಲ್ಲ, ರಾಜ್ಯದಾಗ ಪೆನ್ನು ಹಿಡದವ್ರೆಲ್ಲಾ ಅದ ಆರೇಳು ವಿಳಾಸಕ್ಕ ಕಳಿಸಿದ್ರ ನಮ್ಮ ಪಾಳಿ ಯಾವಾಗ ಬರಬೇಕು. ಇನ್ನ ಸಣ್ಣ ಪತ್ರಿಕೆಗಳ ಕತಿ ಬ್ಯಾರೆ, ಒಂದು ಮಾಸಿಕ ನನ್ನ ಐದಾರು ಲೇಖನ ಹಾಕ್ತು, ಎಂಟು ತಿಂಗಳು ಬಿಟ್ಟು ಒಂದು ಚೆಕ್ ಬಂತು, ಅದೂ ಕಾವ್ಯನಾಮದ ಮ್ಯಾಲೆ. ಬ್ಯಾಂಕಿನ್ಯಾಂವ "ಇಂವಾ ಯಾರ್ರಿ?" ಅಂದ. ಹೊಸಾ ಚೆಕ್ ಬರ್ಕೊಡ್ರಿ ಅಂತ ಫೋನ್ ಮ್ಯಾಲೆ ಫೋನ್ ಹಚ್ಚೂದ್ರಾಗ ಅದರ ಮೂರು ತಿಂಗಳ ಅವಧಿನೂ ಮುಗೀತು, ಪತ್ರಿಕೆನೂ ಮುಗೀತು. ಈಗ ಲೇಖನದ ಕೆಳಗ ಪಾಸ್‌ಬುಕ್ಕಿನ್ಯಾಗ ಇದ್ದಂಗ ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ ಹಾಕೇ ಕಳಸ್ತೀನಿ, ಕೇಳಲಿ ಬಿಡ್ಲಿ.

ದಾರಿ ಸಿಕ್ಕಿದ್ದು ರದ್ದಿ ಅಂಗಡಿಯಾಗ. ಕಿಲೋ ಲೆಕ್ಕದಾಗ ಹಳೇ ಮಾಸಿಕ ತಂದು ಹರವಿಕೊಂಡು ಕುಂತು ನಾ ಓದಿದ್ದು ಬರೇ ಜಾಹೀರಾತು. ಪಂಪ್‌ಸೆಟ್ ಕಂಪನಿದು, ಡ್ರಿಪ್ ಪೈಪಿಂದು, ಬೀಜದ್ದು, ಒಂದ ಜಾಹೀರಾತು ಐದಾರು ತಿಂಗಳು ಬಿಡದ ಬಂದೈತಿ ಅಂದ್ರ ಅಲ್ಲಿ ಕಾಂಟ್ರ್ಯಾಕ್ಟ್ ಐತಿ, ತಿಂಗಳಾ ರೊಕ್ಕಾ ಬರ್ತೈತಿ, ನಮಗೂ ಕೊಡಾಕ ಸಾಧ್ಯ ಐತಿ. ಬರೇ ಹುಟ್ಟುಹಬ್ಬದ ಶುಭಾಶಯ, ಕೈಮುಗದ ಲೀಡರ್ ಫೋಟೋ ತುಂಬಿದ್ರ ಅದನ್ನ ಅಲ್ಲೇ ಬಿಡ್ರಿ. ಆಮ್ಯಾಲೆ ಲೇಖಕರ ಹೆಸರು ನೋಡೂದು. ಮೂರು ಸಂಚಿಕೆಯಾಗೂ ಅವ ನಾಕು ಹೆಸರು ತಿರಗಾಕತ್ತಿದ್ರ ಹೊರಗಿನವ್ರಿಗೆ ಜಾಗಾ ಇಲ್ಲ.

ಕಡೀಕ ಸಣ್ಣ ಅಕ್ಷರದ ಸಾಲು. ಕಮ್ಮಿ ದರದಾಗ ಅಂಚೆಗೆ ಹಾಕಾಕ ಬೇಕಾಗೂ ಅಂಚೆ ನೋಂದಣಿ ನಂಬರ್ ಮುಂದ ಇಂಥಾ ವರ್ಷದಿಂದ ಇಂಥಾ ವರ್ಷದ ತನಕ ಅಂತ ಇರ್ತೈತಲ್ಲ, ಅದು ಮುಗದು ವರ್ಷಗಟ್ಟಲೆ ಆಗಿದ್ರೂ ಹಂಗ ಛಾಪಿಸ್ಕೋತ ಬಂದಿದ್ರ ಆ ಪತ್ರಿಕೆ ಎಷ್ಟು ಮಂದಿಗೆ ಹೊಕ್ಕೈತೋ ಅನ್ನೂದು ನೀವ ಲೆಕ್ಕಾ ಹಾಕ್ರಿ. ಹಳೇ ಮಾರ್ಚ್ ತಿಂಗಳ ಸಂಚಿಕೆ ಸಿಕ್ಕರಂತೂ ಬಿಡಬ್ಯಾಡ್ರಿ, ಫಾರ್ಮ್ 4 ಅಂತ ಮಾಲೀಕತ್ವದ ಹೇಳಿಕಿ ಒಂದು ಮೂಲ್ಯಾಗ ಇರ್ತೈತಿ, ಮಾಲಕ ಒಬ್ಬಂವನೋ ಟ್ರಸ್ಟೋ ಕಂಪನಿಯೋ ಎಲ್ಲಾ ಅದರಾಗ ಗೊತ್ತಾಗ್ತೈತಿ. ಸಂಪಾದಕ, ಪ್ರಕಾಶಕ, ಮಾಲಕ ಮೂರೂ ಒಬ್ಬಂವನ ಇದ್ರ ನಾ ಮೊದ್ಲ ಫೋನ್ ಹಚ್ಚಿ ರೇಟ್ ಕೇಳೇ ಪೆನ್ನು ಹಿಡೀತೀನಿ.

ಇನ್ನ ರೊಕ್ಕಾ ಕೊಡೂ ಪತ್ರಿಕೆ ಬಸ್ ಸ್ಟ್ಯಾಂಡಿನ ಅಂಗಡಿಯಾಗ ತೂಗಬಿದ್ದಿರೂದ ಕಮ್ಮಿ. ಪಿಕೆಪಿಎಸ್ ಅಂದ್ರ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಆಫೀಸಿನ ಬೆಂಚಿನ ಮ್ಯಾಲೆ, ಟ್ರ್ಯಾಕ್ಟರ್ ಶೋರೂಮಿನ್ಯಾಗ, ಗೊಬ್ಬರದ ಅಂಗಡಿಯಾಗ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳ ಆಫೀಸಿನ್ಯಾಗ ಅವು ಧೂಳ ತಿನ್ಕೋತ ಬಿದ್ದಿರ್ತಾವ, ಚಂದಾದಾರರಿಗಷ್ಟ ಹೋಗೂ ಪತ್ರಿಕೆ, ನಮ್ಮ ಸಾಹಿತಿಗಳು ಯಾರೂ ಹೆಸರ ಕೇಳಿಲ್ಲ. ನನ್ನ ಕಡೆ ಅಂಥಾವು ಹದಿನೈದರ ಮ್ಯಾಲೆ ಅದಾವ. ಪಟ್ಟಿ ಮಾತ್ರ ಕೇಳಬ್ಯಾಡ್ರಿ, ಮಂದಿ ಮೂರು ಸಲ ಕೇಳ್ಯಾರ, ಕೊಟ್ಟಿಲ್ಲ. ಫೋನ್ ಹಚ್ಚಿದಾಗ ಮೊದಲ ಮಾತು ಏನು ಆಡ್ತೀನಿ ಅನ್ನೂದೂ ನನ್ನ ಹತ್ರನ ಇರ್ಲಿ. ಇಷ್ಟು ಹೇಳ್ತೀನಿ, "ಸಂಭಾವನೆ ಕೊಡ್ತೀರೇನ್ರಿ" ಅಂತ ಕೇಳೂದಿಲ್ಲ.

ಒಂದ ವಿಷಯ ಮೂರು ಕಡೆ ಮಾರೂದು ಹೆಂಗ ಅನ್ನಾಕ ಒಂದ ಉದಾಹರಣೆ ಸಾಕು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, 1969ರಿಂದ ಐತಿ, ಸುತ್ತಲೂ ಸರಕಾರಿ ವಿದ್ಯುತ್ ಕಂಪನಿ ಹೆಸ್ಕಾಂ ಇದ್ರೂ ಹುಕ್ಕೇರಿ ಕಡೆ ಕರೆಂಟ್ ಹಂಚೂದು ಈ ಸಂಘ, ಕರ್ನಾಟಕದಾಗ ಇಂಥಾದು ಇದೊಂದ. ನಮ್ಮ ಜಿಲ್ಲಾದವ್ರಿಗೆ ಇದರಾಗ ಏನೈತಿ ಅನಸ್ತೈತಿ, ಮೈಸೂರಾಂವ ಕೇಳಿದ್ರ ಬಾಯಿ ತಗೀತಾನ. ಮೊದ್ಲ ಒಂದು ದಿನಪತ್ರಿಕೆ ಪುರವಣಿಗೆ ನುಡಿಚಿತ್ರ ಮಾಡಿ ಕಳಿಸಿದ್ದೆ, ಉತ್ತರ ಇಲ್ಲ. ಅದನ್ನ ಸಹಕಾರಿ ರಂಗದ ಒಂದು ಮಾಸಿಕಕ್ಕ ಲೆಕ್ಕಪತ್ರದ ಕಡೆ ವಾಲಿಸಿ ಬರದೆ, ಸಾವಿರದ ಇನ್ನೂರೋ ಮುನ್ನೂರೋ ಬಂತು. ಕರೆಂಟಿನ ಕಡೆಯಿಂದ ಇಂಗ್ಲಿಷಿನ ಒಂದು ಟ್ರೇಡ್ ಮ್ಯಾಗಜಿನ್‌ಗೆ ಬರದೆ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ, ಆದ್ರೂ ಆರು ಸಾವಿರ ಕೊಟ್ರು, ಅವ್ರಿಗೆ ಬೇಕಾದದ್ದು ಮಾಹಿತಿ. ಬಾಜೂ ಮನಿ ಮರಾಠಿ ಮಾಸ್ತರು ಕಾಕಾ ಅದಾರ, ಅವ್ರ ಕೈಲಿ ಮರಾಠಿ ಮಾಡಿಸಿ ಒಂದು ದಿವಾಳಿ ಅಂಕಕ್ಕ, ಅಂದ್ರ ದೀಪಾವಳಿ ವಿಶೇಷ ಸಂಚಿಕೆಗೆ, ಹಾಕ್ಸಿದೆ, ಮೂರು ಸಾವಿರ, ಅದರಾಗ ಸಾವಿರ ಕಾಕಾಗ. ಮರಾಠಿಯಾಗ ದಿವಾಳಿ ಅಂಕದ ಸಂಪ್ರದಾಯ 1909ರ ಮನೋರಂಜನ ಪತ್ರಿಕೆಯಿಂದ ನಡದು ಬಂದದ್ದು, ಹಬ್ಬದಾಗ ಎಷ್ಟು ಅಂಕ ಬರ್ತಾವ ಅನ್ನೂದು ಗಡಿಯಾಗ ಇರೋ ನಮಗ ಗೊತ್ತಿದ್ದೂ ಒಬ್ಬರೂ ಆ ಕಡೆ ನೋಡೂದಿಲ್ಲ. ಮಳಿಗಾಲದಾಗ ಕಳಿಸ್ರಿ, ಗಣಪತಿ ಮುಗದ ಮ್ಯಾಲೆ ಕಳಿಸಿದ್ರ ಮುಂದಿನ ವರ್ಷಕ್ಕ.

ಹಿಂಗ ಮೂರು ಕಡೆ ಮಾರೂದು ತಪ್ಪಲ್ಲೇನು ಅಂತ ಕೇಳ್ತಾರ. 1957ರ ಕಾಪಿರೈಟ್ ಕಾಯ್ದೆಯಾಗ ಹಕ್ಕು ಬರದು ಕೊಟ್ರಷ್ಟ ವರ್ಗ ಆಗ್ತೈತಿ, ಅವಧಿ ಬರೀಲಿಲ್ಲಂದ್ರ ಐದು ವರ್ಷ ಅಂತ ಹಿಡೀತಾರ. ನಾ ಎಲ್ಲೂ ಸಹಿ ಮಾಡಿ ಕೊಟ್ಟಿಲ್ಲ, ಪ್ರತಿ ಸಲ ಹೊಸದಾಗೇ ಬರೀತೀನಿ, ಫೋಟೋನೂ ಬ್ಯಾರೆ ತಗೀತೀನಿ. ಖಾನಾಪುರ ಕುಂಬಾರಿಕೆ ಲೇಖನ ತಗೊಳ್ಳದವ್ರು ಅದರ ಫೋಟೋ ಮಾತ್ರ ತಗೊಂಡ್ರು, ಒಂದಕ್ಕ ಐದುನೂರರಂಗ.

ನಡುವ ಪದಬಂಧದ ಹುಚ್ಚೂ ಹಿಡದಿತ್ತು. ಸಣ್ಣ ಮಾಸಿಕಕ್ಕ ತಿಂಗಳಾ ಒಂದು ಬೇಕಾಗ್ತೈತಿ, ಕೊಡೂದು ಇನ್ನೂರು ಇನ್ನೂರೈವತ್ತು, ಆದ್ರ ತಪ್ಪದ ಬರೂ ರೊಕ್ಕಾ. ಮಾಡಾಕ ಕುಂತ್ರ ತಲಿ ಕೆಡ್ತೈತಿ, ಒಂದು ಮನಿಗೆ ಒಂದು ಪೂರ್ತಿ ಅಕ್ಷರ, 'ರಾಷ್ಟ್ರ' ಅಂತ ಅಡ್ಡ ಹಾಕಿದ್ರ 'ಷ್ಟ್ರ'ದಿಂದ ಶುರು ಆಗೂ ಪದ ಎಲ್ಲಿಂದ ತರೂದು, ಅದಕ್ಕ ಒತ್ತಕ್ಷರ ಯಾವಾಗ್ಲೂ ಕೊನಿ ಮನಿಯಾಗ ಬರೂವಂಗ ಕೆಳಗಿಂದ ಮ್ಯಾಲೆ ಕಟ್ಕೋತ ಹೋಗೂದು ಕಲತೆ. ಈಗ ಎರಡು ಕಡೆ ಹೊಕ್ಕಾವ, ಒಂದು ಕಡೆ ನಿಂತೈತಿ.

ಕಳಸೂದಂದ್ರ ನುಡಿ ಅನ್ನೂ ಕನ್ನಡ ತಂತ್ರಾಂಶದ ಫೈಲೂ ಇರ್ಲಿ, ಯುನಿಕೋಡೂ ಇರ್ಲಿ, ಪಿಡಿಎಫೂ ಇರ್ಲಿ. ಭಾಳ ಕಡೆ ಪುಟ ಕಟ್ಟೂದು ಇನ್ನೂ ನುಡಿಯಾಗ, ಯುನಿಕೋಡಿಂದ ಬದಲಿಸಿದ್ರ ಅರ್ಕಾವೊತ್ತು ಎಲ್ಲೋ ಹೋಗಿ ಕುಂದರ್ತೈತಿ, ಅದನ್ನ ತಿದ್ದೂದ್ರಾಗ ಬ್ಯಾಸತ್ತು ಉಪಸಂಪಾದಕ ಮುಂದಿನ ಲೇಖನಕ್ಕ ಹೋಗ್ತಾನ. ಬಾಕಿ ವಸೂಲಿಗೆ ಮಾರ್ಚ್ ಮೊದಲ ವಾರದಾಗ ಫೋನ್ ಹಚ್ಚೂದು, ಸಂಪಾದಕರಿಗಲ್ಲ, ಲೆಕ್ಕ ವಿಭಾಗಕ್ಕ, ಮೂವತ್ತೊಂದಕ್ಕ ಪುಸ್ತಕ ಮುಚ್ಚಬೇಕಾಗಿರ್ತೈತಿ ಅವ್ರಿಗೂ. ಈ ಸಲ ಹಂಗ ಹಚ್ಚಿದಾಗ ಏಳೋ ಎಂಟೋ ಸಾವಿರ ಒಂದ ವಾರದಾಗ ಬಂತು, ಇನ್ನ ಇಬ್ರು ಬಾಕಿ ಅದಾರ.