ದೊಡ್ಡ ಕಂಪನಿಗೆ ಒಂದೇ ಪದ: ನನ್ನ ಅನುಭವ

ಕಂಪನಿಗಳ ಕಿರುಪರಿಚಯವನ್ನು ಇಂಗ್ಲಿಷಿನಲ್ಲಿ ಬರೆಯುವುದು ಹಲವು ವರ್ಷಗಳಿಂದ ನನ್ನ ಕೆಲಸ. ಒಂದು ಕಂಪನಿಗೆ ಸಿಗುವುದು 30 ಪದ. ಅದಕ್ಕೂ ಮೊದಲು ಕನ್ನಡ ಪತ್ರಿಕೆಯೊಂದರ ವಾಣಿಜ್ಯ ಪುಟ ನೋಡಿಕೊಳ್ಳುತ್ತಿದ್ದೆ. ಅಲ್ಲಿ ‘ಐಟಿ ದೈತ್ಯ’ ಎಂದು ಬರೆದು ಬರೆದು ಕೈ ಪಳಗಿತ್ತು. ಇಂಗ್ಲಿಷಿಗೆ ಬಂದಾಗ ಅದೇ ದೈತ್ಯ ‘ಜೈಂಟ್’ ಆಗಿ ಬೆನ್ನಿಗೇ ಬಂದ. ಅವನ ಜೊತೆಗೆ ‘ಲೀಡಿಂಗ್’, ‘ವರ್ಲ್ಡ್-ಕ್ಲಾಸ್’ ಕೂಡ ಬಂದವು.

ಇವುಗಳಿಂದ ಬಿಡಿಸಿಕೊಳ್ಳಲು ಪ್ರತಿ ಗುಣವಾಚಕದ ಎದುರು ಅದರ ವಿರುದ್ಧ ಪದ ಬರೆದು ನೋಡತೊಡಗಿದೆ. ‘ಲಿಸ್ಟೆಡ್’ (ಷೇರುಪೇಟೆಯ ಪಟ್ಟಿಯಲ್ಲಿರುವ) ಎದುರು ‘ಅನ್‌ಲಿಸ್ಟೆಡ್’ ಇದೆ. ಎರಡೂ ಬಗೆಯ ಕಂಪನಿಗಳಿವೆ; ಹಾಗಾಗಿ ಆ ಪದ ಓದುಗರಿಗೆ ಒಂದು ಸಂಗತಿಯನ್ನು ತಿಳಿಸುತ್ತದೆ. ‘ಲೀಡಿಂಗ್’ ಎದುರು ಏನು ಬರೆಯುವುದು? ಹಿಂದೆ ಬಿದ್ದವರು ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಅದನ್ನು ಹೊಡೆದು ಹಾಕುತ್ತೇನೆ.

ನಾನು ನಿಜವಾಗಿ ಎಡವಿದ್ದು ‘ಪಬ್ಲಿಕ್’ ಎಂಬ ಪದದಲ್ಲಿ. ಹಿಂದೂಸ್ತಾನ್ ಏರೋನಾಟಿಕ್ಸ್ ಬಗ್ಗೆ ಬರೆಯುವಾಗ ಸಾರ್ವಜನಿಕ ವಲಯದ ಸಂಸ್ಥೆ ಎಂಬ ಅರ್ಥದಲ್ಲಿ ಅದನ್ನು ಬಳಸಿದ್ದೆ. ಅಮೆರಿಕದ ಓದುಗರಿಗೆ ‘ಪಬ್ಲಿಕ್ ಕಂಪನಿ’ ಎಂದರೆ ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿ. ಸರ್ಕಾರದ ಒಡೆತನ ಅವರ ಮನಸ್ಸಿಗೆ ಬರುವುದೇ ಇಲ್ಲ. ಈ ಕಂಪನಿಯಂತೂ 2018ರಲ್ಲಿ ಷೇರುಪೇಟೆಗೂ ಬಂದಿದೆ, ಅಂದರೆ ಎರಡೂ ಅರ್ಥ ಅದಕ್ಕೆ ಹೊಂದುತ್ತವೆ. ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಈಗ ‘ಸ್ಟೇಟ್-ಓನ್ಡ್’ ಎಂದು ಬರೆದು, ಬೇಕಾದರೆ ‘ಲಿಸ್ಟೆಡ್’ ಸೇರಿಸುತ್ತೇನೆ. ಎರಡು ಪದಗಳಲ್ಲಿ ಒಡೆಯ ಯಾರು, ಷೇರು ಕೊಳ್ಳಬಹುದೇ ಎಂಬ ಎರಡು ಪ್ರಶ್ನೆಗೂ ಉತ್ತರ ಸಿಗುತ್ತದೆ.

‘ಲಾರ್ಜ್’ ಕೂಡ ಸಲೀಸಾದ ಪದವಲ್ಲ. ಯಾವುದರಲ್ಲಿ ದೊಡ್ಡದು? ನೌಕರರ ಸಂಖ್ಯೆಯಲ್ಲೋ, ವಹಿವಾಟಿನಲ್ಲೋ, ಷೇರುಗಳ ಒಟ್ಟು ಬೆಲೆಯಲ್ಲೋ? ‘ಲಾರ್ಜ್-ಕ್ಯಾಪ್’ ಎಂದರೆ ಮಾತು ಖಚಿತ: ಮ್ಯೂಚುವಲ್ ಫಂಡ್‌ಗಳಿಗಾಗಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಮಾಡಿರುವ ವಿಂಗಡಣೆಯಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು. ಪದ ಉದ್ದವಾದರೂ ಅರ್ಥ ಚಿಕ್ಕದಾಗುವುದು ನನಗೆ ಇಷ್ಟ.

ವಿಪ್ರೊ ನನಗೆ ಇನ್ನೊಂದು ಪಾಠ ಕಲಿಸಿತು. 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ತಯಾರಿಸಲು ಹುಟ್ಟಿದ ಆ ಕಂಪನಿ ಸಾಬೂನು, ದೀಪ, ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಸೂರಿನಡಿ ಮಾಡುತ್ತಿದ್ದಾಗ ‘ಡೈವರ್ಸಿಫೈಡ್’ (ಹಲವು ಬಗೆಯ ವ್ಯವಹಾರಗಳಿರುವ) ಎಂಬ ಪದ ಅದಕ್ಕೆ ಅಳತೆ ತೆಗೆದು ಹೊಲಿದಂತಿತ್ತು. 2013ರಲ್ಲಿ ಐಟಿಯೇತರ ವ್ಯವಹಾರಗಳು ಬೇರೆ ಕಂಪನಿಗೆ ಹೋದವು. ಹಳೆಯ ಪರಿಚಯವನ್ನು ತಿದ್ದಲು ಕುಳಿತಾಗ ಆ ಪದ ಇನ್ನೂ ಅಲ್ಲೇ ಇತ್ತು. ಓದಲು ಎಷ್ಟು ಸೊಗಸಾಗಿತ್ತೆಂದರೆ, ಅದು ಸುಳ್ಳಾಗಿರುವುದು ಎರಡನೆಯ ಓದಿನಲ್ಲಷ್ಟೇ ಹೊಳೆಯಿತು. ಅಂದಿನಿಂದ ಕರಡಿನಲ್ಲಿ ಪ್ರತಿ ಗುಣವಾಚಕದ ಪಕ್ಕದಲ್ಲಿ, ಅದನ್ನು ಕೊನೆಯ ಬಾರಿ ಪರಿಶೀಲಿಸಿದ ತಿಂಗಳು ಮತ್ತು ವರ್ಷವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.