ಮೊದಲು ಪರೀಕ್ಷೆ ವೇಳಾಪಟ್ಟಿ, ಆಮೇಲೆ ಓಟ

ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಕೋಚ್ ಆಗಿ 22 ವರ್ಷ ಕಳೆದೆ. ಮೊದಲ ನಾಲ್ಕು ವರ್ಷ ನನ್ನ ಹುಡುಗರು ಪದಕ ತಂದದ್ದಕ್ಕಿಂತ ತೊಡೆಯ ಸ್ನಾಯು ಹಿಡಿದುಕೊಂಡು ಕೂತದ್ದೇ ಜಾಸ್ತಿ. ತಪ್ಪು ನನ್ನದು. ಸೋಮವಾರ 300 ಮೀಟರ್ ಐದು ಸಲ, ಮಂಗಳವಾರ ಸ್ಪ್ರಿಂಟ್, ಬುಧವಾರ ಮತ್ತೆ ಉದ್ದದ ಓಟ. ನಾನು ಓಡುತ್ತಿದ್ದಾಗ ನನಗೆ ಮಾಡಿಸಿದ್ದನ್ನೇ ಅವರಿಗೂ ಮಾಡಿಸುತ್ತಿದ್ದೆ.

ಕಣ್ಣು ತೆರೆಸಿದ್ದು 400 ಮೀಟರ್ ಹರ್ಡಲ್ಸ್ ಓಡುತ್ತಿದ್ದ ಒಬ್ಬ ಹುಡುಗಿ. ಈ ಓಟದಲ್ಲಿ ಹಾರಿ ದಾಟಬೇಕಾದ ಹತ್ತು ಹರ್ಡಲ್ (ಅಡ್ಡಗಂಬ) ಇರುತ್ತವೆ, ಒಂದರಿಂದ ಇನ್ನೊಂದಕ್ಕೆ 35 ಮೀಟರ್. ಆ ನಡುವಿನ ದೂರವನ್ನು ಅವಳು 15 ಹೆಜ್ಜೆಯಲ್ಲಿ ಮುಗಿಸುತ್ತಿದ್ದಳು. ಅವತ್ತು ಐದನೇ ಹರ್ಡಲ್‌ಗೇ 16 ಆಯಿತು. ಒಂದು ಹೆಜ್ಜೆ ಹೆಚ್ಚಾದರೆ ಹರ್ಡಲ್ ಮೇಲೆ ಮೊದಲು ಹೋಗುವ ಕಾಲೇ ಬದಲಾಗುತ್ತದೆ. ಆ ಕಾಲಿನ ಅಭ್ಯಾಸ ಇಲ್ಲದೆ ಬಿದ್ದಳು. ಗದರಿಸಲು ಹತ್ತಿರ ಹೋದೆ. "ಸರ್, ರಾತ್ರಿ ಮಲಗಿದ್ದು ಮೂರೇ ತಾಸು. ಮಧ್ಯಾಹ್ನ ಪರೀಕ್ಷೆ ಇದೆ" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಒಂದು ದಿನ ಕಷ್ಟದ ಓಟ, ಮರುದಿನ ಹಗುರ ಓಟ ಅನ್ನುವ ಕ್ರಮವನ್ನು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬವರ್ಮನ್ ಎಷ್ಟೋ ಹಿಂದೆಯೇ ಪಾಲಿಸಿದ್ದರು. ನಾನೂ ಓದಿದ್ದೆ. ಆದರೆ ಪರೀಕ್ಷೆ ದಿನವನ್ನೂ ಕಷ್ಟದ ದಿನ ಅಂತ ಲೆಕ್ಕ ಹಾಕಬೇಕು ಅಂತ ಹೊಳೆದಿರಲಿಲ್ಲ. ಓದಿನ ಒತ್ತಡ ಆದರೂ ಓಟದ ದಣಿವು ಆದರೂ ಹೊರುವುದು ಅದೇ ದೇಹ ಅಲ್ವಾ?

ಮುಂದಿನ ಸೀಸನ್‌ನಿಂದ ಮೊದಲು ಎಲ್ಲರ ಪರೀಕ್ಷೆ ವೇಳಾಪಟ್ಟಿ ತರಿಸಿಕೊಂಡೆ. ಅದನ್ನು ಮುಂದಿಟ್ಟುಕೊಂಡೇ ಓಟದ ಯೋಜನೆ ಬರೆದೆ. ವಾರಕ್ಕೆ ಎರಡು ದಿನ ಮಾತ್ರ ಪೂರ್ತಿ ಜೋರು. ಪರೀಕ್ಷೆ ವಾರದಲ್ಲಿ ಒಂದೇ ದಿನ, ಅದೂ ಅರ್ಧ. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಕೊಟ್ಟೆ. ಎಷ್ಟು ತಾಸು ನಿದ್ದೆ, ಎಲ್ಲಿ ನೋವು, ಎರಡೇ ಸಾಲು. ಮೊದಮೊದಲು ಸುಮ್ನೆ "ಎಂಟು ತಾಸು" ಅಂತ ಬರೆದುಬಿಡುತ್ತಿದ್ದರು. ಕಡಿಮೆ ಬರೆದವರನ್ನು ನಾನು ಬೈಯುವುದಿಲ್ಲ, ಟೀಮ್‌ನಿಂದ ಕೈಬಿಡುವುದೂ ಇಲ್ಲ ಅಂತ ನಂಬಿಕೆ ಬರಲು ಒಂದು ವರ್ಷವೇ ಬೇಕಾಯಿತು. ನನ್ನ ಕೆಲಸದಲ್ಲಿ ಅತಿ ಕಷ್ಟವಾದದ್ದು ಅದೇ.

ಎರಡು ವರ್ಷದಲ್ಲಿ ಗಾಯಗಳು ಇಳಿದವು. ಮೂರನೇ ವರ್ಷ ಮೊದಲ ಟೀಮ್ ಪ್ರಶಸ್ತಿ ಬಂತು, ಆಮೇಲೆ ಇನ್ನೂ ನಾಲ್ಕು.

ಆ ಹುಡುಗಿಗೆ ಯಾವ ಕಾಲು ಮುಂದೆ ಹೋದರೂ ಹರ್ಡಲ್ ದಾಟುವುದನ್ನು ಕಲಿಸಿದೆ. ನಿಧಾನವಾಗಿ, ತಗ್ಗಿನ ಹರ್ಡಲ್‌ಗಳಿಂದ ಶುರು ಮಾಡಿ. ಕೊನೇ ವರ್ಷದ ಫೈನಲ್‌ನಲ್ಲಿ ಬೇಲಿ ಪಕ್ಕ ನಿಂತು ಎಣಿಸುತ್ತಿದ್ದೆ. ಏಳನೇ ಹರ್ಡಲ್‌ವರೆಗೆ 15. ಎಂಟಕ್ಕೆ 16. ಕಾಲು ಬದಲಾಯಿತು, ವೇಗ ಕಡಿಮೆಯಾಗಲಿಲ್ಲ.